ಆನ್‌ಲೈನ್ ಕ್ಲಾಸ್‌ನಿಂದ ಬರೀ ನಷ್ಟವೇ ಆಯಿತೇ?

“ಕೊರೊನಾ ಕಾಲದ ಆನ್‌ಲೈನ್ ಕ್ಲಾಸ್‌ನಿಂದ ಮಕ್ಕಳ ಓದು ಹಾಳಾಯಿತು. ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.” ಇಂಥ ಮಾತು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನಮಗೆ ಆಗಾಗ ಕಾಣಿಸುತ್ತದೆ. ಇದು ಅರ್ಧ ಸತ್ಯ.

ಯಾವ ಅರ್ಧ ನಿಜ?

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಯಲಹಂಕ, ಹೆಬ್ಬಾಳ, ಯಶವಂತಪುರದಂಥ ಕಡೆ ಅಪಾರ್ಟ್‌ಮೆಂಟ್‌ಗಳೂ ವಠಾರಗಳೂ ಅಕ್ಕಪಕ್ಕದಲ್ಲೇ ಇವೆ. ಲ್ಯಾಪ್‌ಟಾಪ್ ಇದ್ದ ಮಗು ಪಾಠ ಕೇಳಿತು. ಅಪ್ಪ ಕೆಲಸದಿಂದ ಬರುವವರೆಗೆ ಮೊಬೈಲ್‌ಗೆ ಕಾಯಬೇಕಿದ್ದ ಮಗು ಹಿಂದೆ ಬಿತ್ತು. ಆ ವರ್ಷ ಆರಂಭವಾದ ‘ವಿದ್ಯಾಗಮ’ ಯೋಜನೆಯಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಿದ್ದೇ ಇದಕ್ಕೆ: ಇಂಟರ್ನೆಟ್ ಇರುವವರು, ಬರೀ ಫೋನ್ ಇರುವವರು, ಏನೂ ಇಲ್ಲದವರು. ಟಿ.ವಿ. ಇದ್ದ ಪ್ರೌಢಶಾಲಾ ಮಕ್ಕಳಿಗೆ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಆದರೂ ಕಲಿಕೆಯ ನಷ್ಟ ತಪ್ಪಲಿಲ್ಲ.

ಯಾವ ಅರ್ಧ ತಪ್ಪು?

ಶಿಕ್ಷಕರು ಆಗ ಕಷ್ಟಪಟ್ಟು ಕಲಿತ ಕೆಲವು ರೂಢಿಗಳು ಕೊಠಡಿಯ ಪಾಠಕ್ಕೂ ಒಳ್ಳೆಯವು.

1. ಕಾಯುವುದು: ಪ್ರಶ್ನೆ ಕೇಳಿದ ಮೇಲೆ ಮಗು ಮೈಕ್ ಆನ್ ಮಾಡುವ ತನಕ ಮೇಷ್ಟ್ರು ಸುಮ್ಮನಿರಲೇಬೇಕಿತ್ತು. ಕೊಠಡಿಯಲ್ಲಿ ಹೀಗಾಗುವುದಿಲ್ಲ. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ ಎಂದು ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮೂರು ಸೆಕೆಂಡ್ ಕಾದರೆ ಉತ್ತರಗಳು ಉದ್ದವಾಗುತ್ತವೆ, ಹೆಚ್ಚು ಮಕ್ಕಳು ಬಾಯಿ ಬಿಡುತ್ತಾರೆ.

2. ಎಲ್ಲರಿಂದಲೂ ಉತ್ತರ: ಕೈ ಎತ್ತಲು ನಾಚುವ ಮಗುವೂ ಚಾಟ್‌ನಲ್ಲಿ ಉತ್ತರ ಟೈಪ್ ಮಾಡಬಹುದಿತ್ತು. ಕೊಠಡಿಯಲ್ಲಿ ಆ ಕೆಲಸಕ್ಕೆ ಸ್ಲೇಟು ಸಾಕು. ಎಲ್ಲರೂ ಬರೆದು ಒಟ್ಟಿಗೆ ಎತ್ತಿ ಹಿಡಿದರೆ ಕೊನೆಯ ಬೆಂಚಿನವರಿಗೆ ಅರ್ಥವಾಗಿದೆಯೇ ಎಂಬುದು ಆ ಕ್ಷಣವೇ ತಿಳಿಯುತ್ತದೆ.

3. ಪುಟ್ಟ ಕ್ವಿಜ್: ಪಾಠದ ಕೊನೆಗೆ ಮೊಬೈಲ್‌ನಲ್ಲಿ ಐದು ಪ್ರಶ್ನೆ ಕಳಿಸುವುದು ಆಗ ಹಲವರಿಗೆ ರೂಢಿಯಾಯಿತು. ಇದು ಅಂಕಕ್ಕಷ್ಟೇ ಅಲ್ಲ, ನೆನಪಿಗೂ ಒಳ್ಳೆಯದು. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಪಠ್ಯವನ್ನು ಮತ್ತೆ ಮತ್ತೆ ಓದಿದ ಕಾಲೇಜು ವಿದ್ಯಾರ್ಥಿಗಳಿಗೆ ವಾರದ ನಂತರ ಸುಮಾರು ಶೇ 40ರಷ್ಟು ನೆನಪಿತ್ತು. ಓದಿದ ಮೇಲೆ ಪುಸ್ತಕ ಮುಚ್ಚಿ ಮೂರು ಸಲ ನೆನಪಿಸಿಕೊಂಡು ಬರೆದವರಿಗೆ ಶೇ 61ರಷ್ಟು!

ಹಾಗಾದರೆ ಸ್ಮಾರ್ಟ್ ಬೋರ್ಡ್ ಇದ್ದರೆ ಸಾಕೇ?

ಸಾಲದು. ವಿಡಿಯೊ ಹಾಕಿ ಮೇಷ್ಟ್ರು ಕುಳಿತುಬಿಟ್ಟರೆ ಮಕ್ಕಳು ನೋಡುತ್ತಾರೆ, ಅಷ್ಟೇ. ಮೇಲಿನ ಮೂರೂ ಕೆಲಸಗಳಿಗೆ ಕರೆಂಟೂ ಬೇಡ, ಡೇಟಾನೂ ಬೇಡ. ಆರ್.ಟಿ. ನಗರದ ಸರ್ಕಾರಿ ಶಾಲೆಯಲ್ಲೂ ನಾಳೆಯೇ ಶುರು ಮಾಡಬಹುದು. ಫೋನ್ ಇಲ್ಲದೆ ಆಗ ಹಿಂದೆ ಬಿದ್ದಂಥ ಮನೆಯ ಮಕ್ಕಳಿಗೇ ಇದರ ಲಾಭ ಮೊದಲು ತಲುಪಬೇಕು.

ಪೋಷಕರು ಏನು ಮಾಡಬಹುದು?

ಮುಂದಿನ ಪೋಷಕರ ಸಭೆಯಲ್ಲಿ “ಎಷ್ಟು ಅಂಕ?” ಎನ್ನುವುದರ ಜೊತೆಗೆ “ನನ್ನ ಮಗು ಕ್ಲಾಸ್‌ನಲ್ಲಿ ಉತ್ತರ ಹೇಳುತ್ತಾ?” ಎಂದೂ ಕೇಳಿ. ಆ ಹಳೆಯ ಫಾರ್ವರ್ಡ್ ಮತ್ತೆ ಬಂದರೆ ಅದರ ಕೆಳಗೆ ಇದನ್ನೂ ಹಾಕಿ.