ಸ್ಕ್ರೂಜನ ಕಲ್ಲಿದ್ದಲ ಪೆಟ್ಟಿಗೆ

ಚಾರ್ಲ್ಸ್ ಡಿಕನ್ಸ್‌ನ ‘ಎ ಕ್ರಿಸ್‌ಮಸ್ ಕ್ಯಾರಲ್’ ಎಂದರೆ ಓದಿದವರಿಗೆಲ್ಲ ದೆವ್ವಗಳ ನೆನಪು. ನನಗೆ ಮಾತ್ರ ಒಂದು ಕಲ್ಲಿದ್ದಲ ಪೆಟ್ಟಿಗೆ ಕಣ್ಣಿಗೆ ಕಟ್ಟುತ್ತದೆ. ಲಂಡನ್ನಿನ ಕೊರೆಯುವ ಚಳಿ. ಗುಮಾಸ್ತ ಬಾಬ್ ಕ್ರ್ಯಾಚಿಟ್ ಕೂತ ಗೂಡಿನಂಥ ಕೋಣೆಯಲ್ಲಿ ಬೆಂಕಿ ಇದೆಯೆಂದರೆ ಇದೆ, ಒಂದೇ ಕೆಂಡದಷ್ಟು. ಇನ್ನಷ್ಟು ಹಾಕೋಣವೆಂದರೆ ಪೆಟ್ಟಿಗೆ ಇರುವುದು ಧಣಿ ಸ್ಕ್ರೂಜನ ಕೋಣೆಯಲ್ಲಿ. ಸಲಿಕೆ ಹಿಡಿದು ಒಳಗೆ ಹೋದರೆ ಕೆಲಸ ಹೋದೀತು. ಪಾಪ, ಅವನು ಕತ್ತಿಗೆ ಮಫ್ಲರ್ ಬಿಗಿದುಕೊಂಡು ಮೇಣದ ಬತ್ತಿಯಲ್ಲಿ ಕೈ ಕಾಯಿಸಿಕೊಳ್ಳಲು ನೋಡುತ್ತಾನೆ. ನಡುವಿನ ಬಾಗಿಲೇನೋ ತೆರೆದೇ ಇದೆ, ಆದರೆ ಅದು ಗುಮಾಸ್ತನ ಮೇಲೆ ಕಣ್ಣಿಡುವುದಕ್ಕೆ!

ಬಾಬ್‌ನ ಸಂಬಳ ವಾರಕ್ಕೆ 15 ಶಿಲಿಂಗ್. ಆಡುಮಾತಿನಲ್ಲಿ ಶಿಲಿಂಗಿಗೂ ‘ಬಾಬ್’ ಎಂದೇ ಹೆಸರು, ಡಿಕನ್ಸ್ ಅದನ್ನೂ ತಮಾಷೆಗೆ ಬಳಸಿಕೊಂಡಿದ್ದಾನೆ. 1843ರ ಡಿಸೆಂಬರ್ 19ರಂದು ಹೊರಬಂದ ಪುಸ್ತಕದ ಬೆಲೆ 5 ಶಿಲಿಂಗ್. ತನ್ನದೇ ಕಥೆ ಕೊಳ್ಳಬೇಕಾದರೆ ಬಾಬ್ ವಾರದ ಸಂಬಳದಲ್ಲಿ ಮೂರನೇ ಒಂದು ಪಾಲು ತೆರಬೇಕಿತ್ತು. ಮೊದಲ ಮುದ್ರಣದ 6000 ಪ್ರತಿಗಳು ಕ್ರಿಸ್‌ಮಸ್ಸಿಗೆ ಮೊದಲೇ ಮುಗಿದವು. ಕೊಂಡವರಲ್ಲಿ ಬಾಬ್‌ಗಳು ಹೆಚ್ಚಿರಲಾರರು.

ಕಥೆಯ ಮೇಲಿನ ತಕರಾರು ಹುಟ್ಟುವುದೂ ಇಲ್ಲೇ. ಇದು ಉಳ್ಳವರಿಗೆ ಉಳ್ಳವನೊಬ್ಬ ಹೇಳಿದ ಹಿತವಾದ ಕಥೆ ಎನ್ನುವವರಿದ್ದಾರೆ. ಒಂದು ರಾತ್ರಿ ಮೂರು ದೆವ್ವ ಬಂದು ಹೋದವು, ಬೆಳಗಾಗುವಷ್ಟರಲ್ಲಿ ಜಿಪುಣ ದಾನಿಯಾದ, ಬಡವನ ಮನೆಗೆ ಟರ್ಕಿ ಕೋಳಿ ಬಂತು. ಬಾಬ್‌ಗೆ ಈ ಕೋಳಿ ಸಿಗಬೇಕಾದರೆ ಯಾರ ತಟ್ಟೆ ಖಾಲಿಯಾಯಿತು ಎಂದು 1844ರಲ್ಲೇ ‘ವೆಸ್ಟ್‌ಮಿನ್‌ಸ್ಟರ್ ರಿವ್ಯೂ’ ಪತ್ರಿಕೆ ಕುಟುಕಿತ್ತು. ಅರ್ಥಶಾಸ್ತ್ರದವರ ಈ ಕೊಂಕು ನನಗೆ ರುಚಿಸದು. 1940ರಲ್ಲಿ ಜಾರ್ಜ್ ಆರ್ವೆಲ್ ಎತ್ತಿದ ಆಕ್ಷೇಪ ಹೆಚ್ಚು ಗಟ್ಟಿ: ಡಿಕನ್ಸ್ ಬೇಡುವುದು ಮನಸ್ಸಿನ ಬದಲಾವಣೆಯನ್ನು, ವ್ಯವಸ್ಥೆಯ ಬದಲಾವಣೆಯನ್ನಲ್ಲ. ನಿಜವೇ. ಬಡವರನ್ನು ವರ್ಕ್‌ಹೌಸ್ ಎಂಬ ದುಡಿಮೆಮನೆಗೆ ತಳ್ಳಿದ 1834ರ ಕಾನೂನು ಕೊನೆಯ ಪುಟದಲ್ಲೂ ಹಾಗೇ ಇದೆ. ಅಷ್ಟು ಹೇಳಿದ ಆರ್ವೆಲ್ಲೇ, ಮನುಷ್ಯರು ಸಭ್ಯವಾಗಿ ನಡೆದುಕೊಳ್ಳಲಿ ಎನ್ನುವ ಮಾತು ಕಾಣುವಷ್ಟು ಪೊಳ್ಳಲ್ಲ ಎಂದೂ ಬರೆದ.

ಇನ್ನು ಡಿಕನ್ಸ್ ಪರ. ಅವನಿಗೆ ಬಡತನ ಕಿಟಕಿಯಾಚೆಯ ನೋಟವಾಗಿರಲಿಲ್ಲ. 1824ರಲ್ಲಿ ಅಪ್ಪ ಸಾಲಕ್ಕಾಗಿ ಮಾರ್ಷಲ್‌ಸೀ ಜೈಲು ಸೇರಿದಾಗ ಹನ್ನೆರಡರ ಹುಡುಗ ಬೂಟ್‌ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ. 1843ರಲ್ಲಿ ಬಾಲಕಾರ್ಮಿಕರ ಕುರಿತ ಸರ್ಕಾರಿ ವರದಿ ಓದಿ ಕಂಗೆಟ್ಟು ಕರಪತ್ರ ಬರೆಯಹೊರಟವನು, ಕಥೆಯ ಪೆಟ್ಟು ಇನ್ನೂ ಜೋರು ಎಂದು ಅದನ್ನು ಕೈಬಿಟ್ಟ. ಆ ಪೆಟ್ಟು ನೇರವಾಗಿಯೂ ಬೀಳುತ್ತದೆ. ಬಡವರ ಮನೆಯಲ್ಲಿ ಓವನ್ ಇಲ್ಲ; ಭಾನುವಾರದ ಊಟವನ್ನು ಬೇಕರಿಯವನ ಒಲೆಯಲ್ಲೇ ಬೇಯಿಸಿಕೊಳ್ಳಬೇಕು. ಧರ್ಮದ ಹೆಸರಿನಲ್ಲಿ ಭಾನುವಾರ ಅದನ್ನೂ ಮುಚ್ಚಿಸಲು ಹೊರಟಿದ್ದವರನ್ನು ಎರಡನೆಯ ದೆವ್ವದ ಬಾಯಲ್ಲಿ ಅವನು ಝಾಡಿಸುತ್ತಾನೆ. ಬಡವರು ಸತ್ತರೆ ಹೆಚ್ಚುವರಿ ಜನಸಂಖ್ಯೆಯಾದರೂ ಇಳಿಯುತ್ತದೆ ಎಂಬ ಸ್ಕ್ರೂಜನ ಮಾತು ಅರ್ಥಶಾಸ್ತ್ರಜ್ಞ ಮಾಲ್ಥಸ್‌ನ ತರ್ಕದ್ದೇ. ಬಾಬ್‌ನ ಕುಂಟ ಮಗು ಟಿಮ್ ಎದುರಿಗಿದ್ದಾಗ ದೆವ್ವ ಅದನ್ನೇ ಅವನಿಗೆ ತಿರುಗಿಸಿ ಒಪ್ಪಿಸುತ್ತದೆ. ತಾನಾಡಿದ ಮಾತಿಗೆ ಒಂದು ಮುಖ ಬಂದಾಗ ಸ್ಕ್ರೂಜ್ ತಲೆ ತಗ್ಗಿಸುತ್ತಾನೆ.

ಕಥೆಯ ಅತಿ ಕಠೋರ ಚಿತ್ರ ಬರುವುದು ಅದೇ ದೆವ್ವ ನಿಲುವಂಗಿ ಸರಿಸಿದಾಗ. ಒಳಗೆ ಬಡಕಲು ಮಕ್ಕಳಿಬ್ಬರು: ಹುಡುಗನ ಹೆಸರು ಅಜ್ಞಾನ, ಹುಡುಗಿಯದು ದಾರಿದ್ರ್ಯ. ಪುಸ್ತಕದ ಕಲಾವಿದ ಜಾನ್ ಲೀಚ್ ಈ ಮಕ್ಕಳ ಹಿಂದೆ ಹೊಗೆಯುಗುಳುವ ಚಿಮಣಿಗಳನ್ನು ಬರೆದ. ಯಾರ ಮಕ್ಕಳೆಂದು ಕೇಳಿದರೆ ಮನುಷ್ಯನ ಮಕ್ಕಳೆಂಬ ಉತ್ತರ. ಸ್ಕ್ರೂಜನ ಹೆಸರಿಲ್ಲ, ಇಡೀ ಊರಿನದ್ದಿದೆ. ಈ ಪುಟದ ಮುಂದೆ ‘ಹಿತವಾದ ಕಥೆ’ ಎಂಬ ದೂರು ನಿಲ್ಲುವುದಿಲ್ಲ. ಆದರೂ ಒಂದು ಮುಳ್ಳು ಉಳಿದಿದೆ. ಬೆಳಗಾದ ಮೇಲೆ ಟಿಮ್ ಬದುಕಿಕೊಳ್ಳುತ್ತಾನೆ, ಬಾಬ್‌ಗೆ ಸಂಬಳ ಏರುತ್ತದೆ. ಆ ಇಬ್ಬರು ಮಕ್ಕಳ ಸುದ್ದಿಯೇ ಇಲ್ಲ. ಡಿಕನ್ಸ್ ಮರೆತನೋ, ಅವರನ್ನು ಸೇರಿಸಲು ಕ್ರ್ಯಾಚಿಟ್ ಮನೆಯ ಮೇಜು ಸಾಲದೆಂದು ತಿಳಿದೇ ಸುಮ್ಮನಾದನೋ? ಎರಡನೆಯದೇ ಇರಬೇಕೆಂದು ನನ್ನ ಊಹೆ.

ಕ್ರಿಸ್‌ಮಸ್ಸಿನ ಮರುದಿನ ಬಾಬ್ ತಡವಾಗಿ ಕಚೇರಿಗೆ ಬರುತ್ತಾನೆ. ಮೊದಲು ಗದರಿಸುವ ನಟನೆ ಮಾಡಿ, ಬೆಂಕಿ ಚೆನ್ನಾಗಿ ಉರಿಸು, ಇನ್ನೊಂದು ಅಕ್ಷರ ಬರೆಯುವ ಮೊದಲು ಹೋಗಿ ಹೊಸ ಕಲ್ಲಿದ್ದಲ ಬುಟ್ಟಿ ಕೊಂಡು ತಾ ಎನ್ನುತ್ತಾನೆ ಸ್ಕ್ರೂಜ್. ಗುಮಾಸ್ತನಿಗೂ ಒಂದು ಬುಟ್ಟಿ ಬಂತು. ತರಲು ಹೇಳಿದವನು ಧಣಿಯೇ.