ಸೈಕಾಲಜಿ ಓದಿದರೆ ವರ್ಷಕ್ಕೆ 80 ಲಕ್ಷ ಸಂಬಳವೇ? ಸಾಲ ಮಾಡುವ ಮುನ್ನ ಈ ಲೆಕ್ಕ ನೋಡಿ

ಪಿಯುಸಿ ಫಲಿತಾಂಶ ಬಂದ ಕೂಡಲೇ ಕುಟುಂಬದ ವಾಟ್ಸಾಪ್ ಗ್ರೂಪ್‌ಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು: ‘ಎಂಜಿನಿಯರ್‌ಗಳ ಕಾಲ ಮುಗಿಯಿತು, ಇನ್ನು ಸೈಕಾಲಜಿಸ್ಟ್‌ಗಳ ಕಾಲ, ವರ್ಷಕ್ಕೆ 80 ಲಕ್ಷ ಸಂಬಳ, ಬ್ಯಾಂಕಿನಲ್ಲಿ ಸಾಲ ಸುಲಭ.’ ಇನ್ನೊಂದು: ‘ಸೈಕಾಲಜಿ ಓದಿದರೆ ಕೆಲಸವೇ ಸಿಗಲ್ಲ, ದುಡ್ಡು ದಂಡ.’ ಎರಡೂ ಅರ್ಧ ಸತ್ಯ. ಫಾರ್ವರ್ಡ್ ಮಾಡುವ ಮೊದಲು ನಾವು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

80 ಲಕ್ಷದ ಅಂಕಿ ಎಲ್ಲಿಂದ ಬಂದಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಅಮೆರಿಕದ ಕಾರ್ಮಿಕ ಇಲಾಖೆಯ ಅಂಕಿಅಂಶದ ಪ್ರಕಾರ 2024ರ ಮೇ ತಿಂಗಳಲ್ಲಿ ಅಲ್ಲಿನ ಸೈಕಾಲಜಿಸ್ಟ್‌ಗಳ ಮಧ್ಯಮ ವಾರ್ಷಿಕ ವೇತನ 94,310 ಡಾಲರ್. ಅಂದರೆ ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು, ಉಳಿದರ್ಧ ಜನ ಕಡಿಮೆ ದುಡಿಯುತ್ತಾರೆ. ಡಾಲರಿಗೆ 85 ರೂಪಾಯಿಯಂತೆ ಗುಣಿಸಿದರೆ ಸರಿಸುಮಾರು 80 ಲಕ್ಷವೇ ಆಗುತ್ತದೆ. ಆದರೆ ಆ ಪಟ್ಟಿಯಲ್ಲಿರುವವರು ಬರೀ ಪದವಿ ಮುಗಿಸಿದವರಲ್ಲ. ಅಲ್ಲಿ ಈ ವೃತ್ತಿಗೆ ಸಾಮಾನ್ಯವಾಗಿ ಡಾಕ್ಟರೇಟ್ ಬೇಕು, ಜೊತೆಗೆ ರಾಜ್ಯದ ಲೈಸೆನ್ಸ್ ಬೇಕು. ಅಲ್ಲಿನ ಬಾಡಿಗೆ, ತೆರಿಗೆಯ ಮಾತು ಬೇರೆಯೇ.

ದುಡಿಮೆ ತರುವುದು ಪದವಿಯಲ್ಲ, ನೋಂದಣಿ

ನಮ್ಮಲ್ಲೂ ವಿಷಯ ಇದೇ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಬೇಕಾದರೆ ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐನಲ್ಲಿ ಹೆಸರು ನೋಂದಾಯಿಸಿರಬೇಕು. 1992ರ ಕಾಯ್ದೆ ಇದು. ಬಿ.ಎ. ಅಥವಾ ಬಿ.ಎಸ್ಸಿ.ಯಲ್ಲಿ ಸೈಕಾಲಜಿ ಒಂದು ವಿಷಯವಾಗಿ ಓದಿದವರಿಗೆ ಈ ನೋಂದಣಿ ಸಿಗುವುದಿಲ್ಲ. ಪದವಿ ಮೂರು ವರ್ಷ, ಸ್ನಾತಕೋತ್ತರ ಎರಡು, ಅದರ ಮೇಲೆ ಎರಡು ವರ್ಷದ ಎಂ.ಫಿಲ್, ಹೀಗೆ ಏಳು ವರ್ಷದ ದಾರಿ ಬಹುಕಾಲದಿಂದ ಇತ್ತು. ಯುಜಿಸಿ ಎಂ.ಫಿಲ್ ಅನ್ನೇ 2022ರಲ್ಲಿ ಕೈಬಿಟ್ಟಿತು. ಆದರೆ ಕ್ಲಿನಿಕಲ್ ಸೈಕಾಲಜಿಗೆ 2025–26ರ ಪ್ರವೇಶದವರೆಗೆ ವಿನಾಯಿತಿ ಕೊಟ್ಟಿತು. ಆರ್‌ಸಿಐ ಈಗ ಕ್ಲಿನಿಕಲ್ ಸೈಕಾಲಜಿ ಎಂ.ಎ., ಡಾಕ್ಟರ್ ಆಫ್ ಸೈಕಾಲಜಿಯಂಥ ಹೊಸ ಕೋರ್ಸ್‌ಗಳನ್ನು ತಂದಿದೆ. ‘ನಮ್ಮಣ್ಣನ ಮಗಳು ಹೀಗೆ ಓದಿದಳು’ ಎಂಬ ಹಳೆಯ ಸಲಹೆ ಈಗ ಹೊಂದದೇ ಹೋಗಬಹುದು.

ನೋಂದಣಿ ಇಲ್ಲದೆಯೂ ಕೆಲಸಗಳಿವೆ. ಶಾಲೆಯ ಕೌನ್ಸೆಲರ್, ಕಂಪನಿಯ ಎಚ್‌ಆರ್, ಸ್ವಯಂಸೇವಾ ಸಂಸ್ಥೆಗಳು, ಸಹಾಯವಾಣಿಗಳು. ಆದರೆ ಇಲ್ಲೆಲ್ಲ ಸಮಾಜಕಾರ್ಯ ಓದಿದವರೂ ಎಂಬಿಎ ಓದಿದವರೂ ಪೈಪೋಟಿಗೆ ಇರುತ್ತಾರೆ.

ಬೇಡಿಕೆ ಇದೆಯಲ್ಲವೇ ಎಂದು ಕೇಳುವವರಿದ್ದಾರೆ. ಅಗತ್ಯ ಇರುವುದಂತೂ ನಿಜ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಆದರೆ ಜನರಿಗೆ ಅಗತ್ಯ ಇರುವುದು ಬೇರೆ, ಸಂಬಳ ಕೊಡುವ ಹುದ್ದೆ ಇರುವುದು ಬೇರೆ. ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗವೇ ಮುಂದೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅದರ ಜಿಲ್ಲಾ ತಂಡದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗೂ ಜಾಗವಿದೆ, ಆದರೆ ಬೆರಳೆಣಿಕೆಯಷ್ಟು ಮಾತ್ರ.

ಸಾಲದ ಗಡಿಯಾರ ಕಾಯುವುದಿಲ್ಲ

ಈಗ ಬ್ಯಾಂಕಿನ ಲೆಕ್ಕಕ್ಕೆ ಬರೋಣ. ಖಾಸಗಿ ಕಾಲೇಜಿನ ಮೂರು ವರ್ಷದ ಪದವಿಗೆ ವರ್ಷಕ್ಕೆ 2 ಲಕ್ಷದಂತೆ 6 ಲಕ್ಷ ಸಾಲ, ಬಡ್ಡಿ ಶೇ 10 ಎಂದುಕೊಳ್ಳಿ. ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ‘ಆಮೇಲೆ ಕಟ್ಟಿದರಾಯಿತು’ ಎಂಬ ನೆಮ್ಮದಿ ಇಲ್ಲಿಂದಲೇ ಬರುವುದು. ಕಂತು ಇಲ್ಲ ನಿಜ, ಬಡ್ಡಿ ಇದೆ. ಸರಳ ಬಡ್ಡಿಯಲ್ಲೇ ಆ ನಾಲ್ಕು ವರ್ಷಕ್ಕೆ 1.8 ಲಕ್ಷ ಸೇರಿ ಸಾಲ 7.8 ಲಕ್ಷ ಆಗಿರುತ್ತದೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 10,300 ರೂಪಾಯಿ. ಒಟ್ಟು ಕಟ್ಟುವುದು 12 ಲಕ್ಷ ದಾಟುತ್ತದೆ.

ಕಂತು ಕೈಗೆ ಬರುವ ಸಂಬಳದ ಕಾಲು ಭಾಗ ಮೀರಬಾರದು ಎಂದಿಟ್ಟುಕೊಂಡರೆ, ಆ ಮಗುವಿಗೆ ಮೊದಲ ಕೆಲಸದಲ್ಲೇ ತಿಂಗಳಿಗೆ 41,000 ಬರಬೇಕು. ಅದೂ ನೋಂದಣಿ ಇಲ್ಲದ ಪದವಿಯ ಮೇಲೆ!

ಪೂರ್ತಿ ದಾರಿ ಹಿಡಿದು ಇನ್ನೂ ನಾಲ್ಕು ವರ್ಷ ಓದಿದರೆ? ಮುಂದಿನ ಓದಿಗೆ ಒಂದು ಪೈಸೆ ಸಾಲ ಮಾಡಲಿಲ್ಲ, ಬ್ಯಾಂಕು ಗಡುವು ವಿಸ್ತರಿಸಿತು ಎಂದೇ ಇಟ್ಟುಕೊಳ್ಳಿ. ಹಳೆಯ 6 ಲಕ್ಷವೇ ಬಡ್ಡಿ ಸೇರಿ 10.2 ಲಕ್ಷವಾಗುತ್ತದೆ, ಕಂತು ಸುಮಾರು 13,500. ಅದೇ, ಪದವಿ ಓದುವಾಗಲೂ ಆಮೇಲಿನ ಒಂದು ವರ್ಷವೂ ಬಡ್ಡಿಯನ್ನಷ್ಟೇ ಮನೆಯವರು ಕಟ್ಟುತ್ತಾ ಬಂದಿದ್ದರೆ ಕಂತು 7,930ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ನಮ್ಮ ದೃಷ್ಟಿಯಲ್ಲಿ ಮೊದಲ ಪದವಿಗೆ ಆದಷ್ಟು ಕಡಿಮೆ ಸಾಲ ಮಾಡಿ, ಸಾಲ ಬೇಕೇ ಬೇಕಾದರೆ ಅದನ್ನು ನೋಂದಣಿಗೆ ಅರ್ಹತೆ ಕೊಡುವ ಕೋರ್ಸಿಗೆ ಉಳಿಸಿಕೊಳ್ಳುವುದು ಜಾಣತನ. ಸರ್ಕಾರಿ ಕಾಲೇಜು, ಸರ್ಕಾರಿ ವಿಶ್ವವಿದ್ಯಾಲಯ ಎಂದರೆ ಮೂಗು ಮುರಿಯಬೇಕಿಲ್ಲ. ಮೈಸೂರು ವಿಶ್ವವಿದ್ಯಾಲಯದ ಸೈಕಾಲಜಿ ವಿಭಾಗ ಶುರುವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ‘ಆಕಾಶವಾಣಿ’ ಎಂಬ ಹೆಸರಿನ ರೇಡಿಯೊ ಕೇಂದ್ರವನ್ನೂ ಆರಂಭಿಸಿದ್ದು.

ಬಡ್ಡಿ ರಿಯಾಯಿತಿಯ ಫಾರ್ವರ್ಡ್‌ಗಳನ್ನೂ ಪೂರ್ತಿ ನಂಬಬೇಡಿ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ರಿಯಾಯಿತಿ ಇದೆ. ಆದರೆ ಅದು ಆಯ್ದ ಸಂಸ್ಥೆಗಳಿಗೆ ಮಾತ್ರ, ರಿಯಾಯಿತಿಯೂ ಕಂತು ಶುರುವಾಗುವವರೆಗಷ್ಟೇ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲೇ ನೋಡಿ. ಆದಾಯ ತೆರಿಗೆಯಲ್ಲಿ ಸಿಗುವ ಬಡ್ಡಿ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ.

ಕಾಲೇಜಿಗೆ ಹೋದಾಗ ಗೋಡೆಯ ಮೇಲಿನ ‘ಅತ್ಯಧಿಕ ಸಂಬಳ’ದ ಫ್ಲೆಕ್ಸ್ ಬಿಟ್ಟು, ಕಳೆದ ಮೂರು ವರ್ಷ ಸೈಕಾಲಜಿ ಮುಗಿಸಿದವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಮಧ್ಯಮ ಸಂಬಳ ಎಷ್ಟು ಎಂದು ಕೇಳಿ. ಸ್ನಾತಕೋತ್ತರ ಕೋರ್ಸಿಗೆ ಆರ್‌ಸಿಐ ಮಾನ್ಯತೆ ಇದೆ ಎಂದರೆ ಆ ಪತ್ರ ತೋರಿಸಲು ಹೇಳಿ, ಆರ್‌ಸಿಐ ಜಾಲತಾಣದ ಪಟ್ಟಿಯಲ್ಲಿ ಹೆಸರು ಹುಡುಕಿ. ‘ಮನೆಯಲ್ಲೇ ಕೂತು ಸೈಕಾಲಜಿ ಎಂ.ಎ.’ ಎಂಬ ಜಾಹೀರಾತು ಬಂದರೆ ಇದೊಂದು ಗೊತ್ತಿರಲಿ: ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ಸೈಕಾಲಜಿ ಕೋರ್ಸ್‌ಗೆ ಹೊಸ ಪ್ರವೇಶ ಕೊಡಬಾರದೆಂದು ಯುಜಿಸಿ 2025ರ ಜುಲೈ–ಆಗಸ್ಟ್ ಸಾಲಿನಿಂದಲೇ ಸೂಚಿಸಿದೆ.