ಮೀಟರ್ ಬದಲಿಸುವ ಮುನ್ನ ನಾಡಿ ನೋಡಿಕೊಳ್ಳಿ

ಕಳೆದ ವರ್ಷ ಒಂದು ಸಂಜೆ ಮೈಸೂರಿನ ಪರಿಚಯದ ದಂಪತಿಗಳು ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಆಕೆಗೆ ರಕ್ತದೊತ್ತಡದ ತಪಾಸಣೆ ಆಗಬೇಕಿತ್ತು. ಅದು ಮುಗಿದ ಮೇಲೆ ಆಕೆ, "ಡಾಕ್ಟ್ರೇ, ಇವರಿಗೂ ಸ್ವಲ್ಪ ಬುದ್ಧಿ ಹೇಳಿ. ಸೈಕಲ್ಲಿಗೆ ಇನ್ನೊಂದು ಮೀಟರ್ ತರುತ್ತಾರಂತೆ. ಇರುವ ಮೀಟರಿಗೆ ಏನಾಗಿದೆ ಅಂತ ನೀವೇ ಕೇಳಿ" ಎಂದರು.

ಯಜಮಾನರಿಗೆ 46 ವರ್ಷ. ನಾಲ್ಕು ವರ್ಷಗಳಿಂದ ಬೆಳಗಿನ ಹೊತ್ತು ಸೈಕಲ್ ತುಳಿಯುತ್ತಾರೆ. ಅವರ ಸೈಕಲ್ಲಿನಲ್ಲಿ ಪವರ್ ಮೀಟರ್ ಎಂಬ ಸಾಧನವಿದೆ. ಚಾಮುಂಡಿ ಬೆಟ್ಟ ಏರುವಾಗ ಮೊದಲು ಅದು ಸರಾಸರಿ 180 ವ್ಯಾಟ್ ತೋರಿಸುತ್ತಿತ್ತು. ಎರಡು ತಿಂಗಳಿಂದ 160ನ್ನು ದಾಟುತ್ತಿಲ್ಲ. "ಮೀಟರ್ ಕೆಟ್ಟಿದೆ ಡಾಕ್ಟ್ರೇ, ಅದು ಎಡಗಾಲಿನದು ಮಾತ್ರ ಅಳೆಯುತ್ತೆ. ಎರಡೂ ಕಾಲಿನದು ಅಳೆಯುವ ಹೊಸದನ್ನು ಹಾಕಿಸಬೇಕು" ಎಂಬುದು ಅವರ ವಾದ. ಹೊಸದಕ್ಕೆ ಹತ್ತಾರು ಸಾವಿರ ರೂಪಾಯಿ. ನಾನು ತೀರ್ಪು ಹೇಳಬೇಕಾಗಿತ್ತು.

ಆ ತೀರ್ಪು ಏನಾಯಿತೆಂದು ಹೇಳುವ ಮೊದಲು ಈ ಸಾಧನ ಏನೆಂದು ತಿಳಿಯೋಣ. ಇಂದು ಅನೇಕ ಮನೆಗಳಲ್ಲಿ ಮಕ್ಕಳೋ ಯಜಮಾನರೋ ಇದನ್ನು ಕೇಳುತ್ತಿದ್ದಾರೆ.

ಏನಿದು ಪವರ್ ಮೀಟರ್?

ಮನೆಯ ಬಲ್ಬಿನ ಮೇಲೆ ವ್ಯಾಟ್ ಎಂದು ಬರೆದಿರುವುದನ್ನು ನೀವು ನೋಡಿದ್ದೀರಿ. ಒಂದು ಸೆಕೆಂಡಿನಲ್ಲಿ ಎಷ್ಟು ಶಕ್ತಿ ಖರ್ಚಾಯಿತು ಎಂಬುದರ ಅಳತೆ ಅದು. ಸೈಕಲ್ ತುಳಿಯುವಾಗ ನಿಮ್ಮ ಕಾಲು ಪೆಡಲಿಗೆ ಕೊಡುವ ಶಕ್ತಿಯನ್ನೂ ಹಾಗೆಯೇ ಅಳೆಯಬಹುದು. ಪೆಡಲಿನಲ್ಲೋ, ಅದರ ತೋಳಿನಲ್ಲೋ, ಹಿಂದಿನ ಚಕ್ರದ ಮಧ್ಯದಲ್ಲೋ ಸ್ಟ್ರೇನ್ ಗೇಜ್ ಎಂಬ ಬಹು ತೆಳುವಾದ ಲೋಹದ ಪಟ್ಟಿಯನ್ನು ಅಂಟಿಸಿರುತ್ತಾರೆ. ನೀವು ತುಳಿದಾಗ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಆಗ ಆ ಪಟ್ಟಿಯ ವಿದ್ಯುತ್ ನಿರೋಧ ಬದಲಾಗುತ್ತದೆ. ಎಷ್ಟು ಬಲ, ಎಷ್ಟು ವೇಗದ ಸುತ್ತು ಎಂಬ ಎರಡನ್ನೂ ಗುಣಿಸಿ ಮೀಟರ್ ವ್ಯಾಟ್ ತೋರಿಸುತ್ತದೆ. ಜರ್ಮನಿಯ ಉಲ್ರಿಚ್ ಶೋಬರರ್ 1986ರಲ್ಲಿ ಎಸ್‌ಆರ್‌ಎಂ ಎಂಬ ಕಂಪನಿ ಕಟ್ಟಿ ಇಂಥ ಮೀಟರುಗಳನ್ನು ತಯಾರಿಸತೊಡಗಿದರು. ಆಗ ಪಂದ್ಯದ ಸವಾರರಿಗೆ ಮಾತ್ರ ಸೀಮಿತವಾಗಿದ್ದ ವಸ್ತು ಇಂದು ಹವ್ಯಾಸಿಗಳ ಸೈಕಲ್ಲಿಗೂ ಬಂದಿದೆ.

ವೈದ್ಯನಾಗಿ ನನಗೆ ಈ ಸಾಧನದ ಮೇಲೆ ಕೋಪವಿಲ್ಲ. ತೂಕ ಇಳಿಸುವವರಿಗೆ ಇದರಿಂದ ಒಂದು ಒಳ್ಳೆಯ ಉಪಯೋಗವಿದೆ. ಒಂದು ಗಂಟೆ ಕಾಲ ಸರಾಸರಿ 150 ವ್ಯಾಟಿನಲ್ಲಿ ತುಳಿದರೆ 540 ಕಿಲೋಜೂಲ್ ಕೆಲಸ ಆದಂತೆ. ನಮ್ಮ ದೇಹ ತಾನು ಸುಡುವ ಆಹಾರದ ಶಕ್ತಿಯಲ್ಲಿ ಸುಮಾರು ಕಾಲು ಭಾಗಕ್ಕಿಂತಲೂ ಕಡಿಮೆಯನ್ನು ಪೆಡಲಿಗೆ ಕೊಡುತ್ತದೆ, ಉಳಿದದ್ದು ಶಾಖವಾಗಿ ಹೋಗುತ್ತದೆ. ಒಂದು ಕಿಲೋಕ್ಯಾಲರಿ ಎಂದರೆ ಸುಮಾರು 4.2 ಕಿಲೋಜೂಲ್. ಈ ಎರಡು ಲೆಕ್ಕಗಳೂ ಹೆಚ್ಚುಕಡಿಮೆ ಒಂದನ್ನೊಂದು ಸರಿದೂಗಿಸುವುದರಿಂದ, 540 ಕಿಲೋಜೂಲ್ ಕೆಲಸಕ್ಕೆ ಸುಮಾರು 540 ಕಿಲೋಕ್ಯಾಲರಿ ಖರ್ಚಾಯಿತೆಂದು ಹಿಡಿಯಬಹುದು. ತುಳಿದು ಬಂದ ಮೇಲೆ ಎರಡು ಮಸಾಲೆ ದೋಸೆ ತಿಂದರೆ ಉಳಿತಾಯ ಏನೆಂದು ನೀವೇ ಊಹಿಸಿ.

ಒಂದು ಕಾಲೋ, ಎರಡು ಕಾಲೋ?

ಕಡಿಮೆ ಬೆಲೆಯ ಮೀಟರುಗಳಲ್ಲಿ ಅನೇಕವು ಎಡಗಾಲಿನ ಶಕ್ತಿಯನ್ನು ಮಾತ್ರ ಅಳೆದು ಅದನ್ನು ಎರಡರಿಂದ ಗುಣಿಸುತ್ತವೆ. ನೀವು ನಿಜವಾಗಿ 200 ವ್ಯಾಟ್ ತುಳಿಯುತ್ತಿದ್ದು, ಅದರಲ್ಲಿ ಎಡಗಾಲಿನ ಪಾಲು ನೂರಕ್ಕೆ 48 ಎಂದುಕೊಳ್ಳಿ. ಎಡಗಾಲಿನದು 96 ಆಯಿತು, ಮೀಟರ್ 192 ತೋರಿಸುತ್ತದೆ. ಎಂಟು ವ್ಯಾಟ್ ವ್ಯತ್ಯಾಸ. ಎರಡೂ ಕಾಲುಗಳನ್ನು ಅಳೆಯುವ ಮೀಟರಿನಲ್ಲಿ ಈ ದೋಷವಿರುವುದಿಲ್ಲ.

ಆದರೆ ನನ್ನ ಪ್ರಶ್ನೆ ಇಷ್ಟೆ: ಆ ಎಂಟು ವ್ಯಾಟಿನಿಂದ ನಿಮ್ಮ ಆರೋಗ್ಯಕ್ಕೆ ಏನಾಗಬೇಕು? ವ್ಯಾಯಾಮಕ್ಕೆ ಮುಖ್ಯವಾದದ್ದು ನಿನ್ನೆಗಿಂತ ಇಂದು, ಕಳೆದ ತಿಂಗಳಿಗಿಂತ ಈ ತಿಂಗಳು ಹೇಗಿದೆ ಎಂಬ ಹೋಲಿಕೆ. ಹೋಲಿಕೆಗೆ ಬೇಕಾದದ್ದು ದಿನವೂ ಒಂದೇ ರೀತಿ ಅಳೆಯುವ ಮೀಟರ್. ಮನೆಯ ತಕ್ಕಡಿ ಯಾವಾಗಲೂ ಅರ್ಧ ಕಿಲೋ ಕಡಿಮೆ ತೋರಿಸಿದರೂ ನೀವು ದಪ್ಪಗಾಗುತ್ತಿದ್ದೀರೋ ತೆಳ್ಳಗಾಗುತ್ತಿದ್ದೀರೋ ಎಂಬುದನ್ನು ಅದು ಸರಿಯಾಗಿಯೇ ಹೇಳುತ್ತದೆ.

ಈ ಪಾಠವನ್ನು ನಾನೂ ಸ್ವಲ್ಪ ನಷ್ಟಪಟ್ಟೇ ಕಲಿತೆ. ಹಿಂದೊಮ್ಮೆ ಕ್ಲಿನಿಕ್ಕಿನ ಹಳೆಯ ರಕ್ತದೊತ್ತಡ ಮಾಪಕವನ್ನು ಬದಲಿಸಿ ಹೊಸದನ್ನು ತಂದೆ. ಹೊಸದರ ಓದು ಹಳೆಯದಕ್ಕಿಂತ ಕೊಂಚ ಹೆಚ್ಚು ಬರುತ್ತಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸದೆ ಉಪಯೋಗಿಸಿದ್ದರಿಂದ, ಒಂದು ತಿಂಗಳು ಅನೇಕರಿಗೆ ಒತ್ತಡ ಏರಿದೆಯೆಂದು ನಾನೂ ಗಾಬರಿಯಾದೆ, ಅವರನ್ನೂ ಗಾಬರಿಪಡಿಸಿದೆ. ಏರಿದ್ದು ಒತ್ತಡವಲ್ಲ, ಬದಲಾದದ್ದು ಯಂತ್ರ. ಪವರ್ ಮೀಟರ್ ಬದಲಿಸುವವರಿಗೂ ಇದೇ ಆಗುತ್ತದೆ. ಹಳೆಯ ಅಂಕಿಗಳ ಜೊತೆ ಹೊಸ ಅಂಕಿಗಳನ್ನು ಹೋಲಿಸುವಂತಿಲ್ಲ, ಲೆಕ್ಕವನ್ನು ಮೊದಲಿನಿಂದ ಶುರುಮಾಡಬೇಕು.

ಗಡಿಯಾರದ ಸಾಕ್ಷಿ

ಈಗ ನಮ್ಮ ಯಜಮಾನರ ವಿಷಯಕ್ಕೆ ಬರೋಣ. ನಾನು ಅವರನ್ನು ಎರಡೇ ಪ್ರಶ್ನೆ ಕೇಳಿದೆ. ಬೆಟ್ಟ ಏರಲು ಮೊದಲು ಎಷ್ಟು ನಿಮಿಷ ಬೇಕಾಗುತ್ತಿತ್ತು, ಈಗ ಎಷ್ಟು? ಮೊದಲು 26, ಈಗ 29 ಎಂದರು. ಏರುವಾಗ ನಾಡಿಬಡಿತ ಎಷ್ಟಿತ್ತು, ಈಗ ಎಷ್ಟು? ಮೊದಲು 145, ಈಗ 158.

ಮೀಟರ್ ಮಾತ್ರ ಕೆಟ್ಟಿದ್ದರೆ ವ್ಯಾಟಿನ ಅಂಕಿ ಇಳಿಯಬೇಕಿತ್ತು. ಬೆಟ್ಟ ಏರುವ ಸಮಯ ಮೊದಲಿನಷ್ಟೇ ಇರಬೇಕಿತ್ತು. ಇಲ್ಲಿ ಸಮಯವೂ ಹೆಚ್ಚಿದೆ. ಮೀಟರಿಗೂ ಗಡಿಯಾರಕ್ಕೂ ಸಂಬಂಧವಿಲ್ಲ, ಎರಡೂ ಒಂದೇ ಮಾತು ಹೇಳುತ್ತಿವೆ. ಮೇಲಾಗಿ ಕಡಿಮೆ ಕೆಲಸಕ್ಕೆ ಹೃದಯ ಹೆಚ್ಚು ಬಡಿದುಕೊಳ್ಳುತ್ತಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನೆನಪಾಯಿತು. ಪಾಪ, ಇವರಿಗೆ ಕುಣಿಯಲು ಚೆನ್ನಾಗಿಯೇ ಬರುತ್ತಿತ್ತು, ಮೈಯಲ್ಲಿ ರಕ್ತವಿರಲಿಲ್ಲ, ಅಷ್ಟೆ.

ಕೆಳಗಣ್ಣಿನ ರೆಪ್ಪೆ ಎಳೆದು ನೋಡಿದೆ. ಬಿಳಿಚಿಕೊಂಡಿತ್ತು. ಮರುದಿನ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.4 ಗ್ರಾಂ ಬಂತು. ವಯಸ್ಕ ಗಂಡಸರಲ್ಲಿ ಅದು 13ಕ್ಕಿಂತ, ಗರ್ಭಿಣಿಯಲ್ಲದ ಹೆಂಗಸರಲ್ಲಿ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತೇವೆ. ಸ್ನಾಯುಗಳಿಗೆ ಆಮ್ಲಜನಕ ಹೊತ್ತೊಯ್ಯುವುದೇ ಹಿಮೋಗ್ಲೋಬಿನ್. ಹೊರುವವರು ಕಡಿಮೆಯಾದರೆ ಹೃದಯ ಹೆಚ್ಚು ಸಲ ಓಡಾಡಿಸಿ ಸರಿದೂಗಿಸಲು ನೋಡುತ್ತದೆ. ಆದರೂ ಕಾಲಿಗೆ ಸಾಕಷ್ಟು ತಲುಪುವುದಿಲ್ಲ.

ನಡುವಯಸ್ಸಿನ ಗಂಡಸಿನಲ್ಲಿ ರಕ್ತ ಕಡಿಮೆಯಾದರೆ ಅದು ಎಲ್ಲಿ ಸೋರುತ್ತಿದೆ ಎಂದು ಹುಡುಕಲೇಬೇಕು. ಕೇಳಿದಾಗ ವಿಷಯ ಹೊರಬಂತು. ಮಂಡಿನೋವಿಗೆಂದು ಅಂಗಡಿಯಿಂದ ತಾವೇ ಮಾತ್ರೆ ತಂದು ಮೂರು ತಿಂಗಳಿಂದ ನುಂಗುತ್ತಿದ್ದರು. ಮಲ ಕಪ್ಪಗೆ ಹೋಗುತ್ತಿದ್ದುದನ್ನು ಕಂಡಿದ್ದರೂ ತಿಂದ ಆಹಾರದ್ದಿರಬೇಕೆಂದು ಸುಮ್ಮನಿದ್ದರು. ಎಂಡೋಸ್ಕೋಪಿಯಲ್ಲಿ ಜಠರದ ಹುಣ್ಣು ಕಾಣಿಸಿತು. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ದಿನಗಟ್ಟಲೆ ನುಂಗಿದರೆ ಹೀಗಾಗಬಹುದು. ಇನ್ನಷ್ಟು ದಿನ ಬಿಟ್ಟಿದ್ದರೆ ಒಮ್ಮೆಲೇ ರಕ್ತ ವಾಂತಿಯಾಗಿ ಪ್ರಾಣಕ್ಕೇ ಸಂಚಕಾರ ಬರಬಹುದಿತ್ತು.

ಮಾತ್ರೆ ನಿಲ್ಲಿಸಿ, ಹುಣ್ಣಿಗೆ ಚಿಕಿತ್ಸೆ ಕೊಟ್ಟು, ಕಬ್ಬಿಣಾಂಶದ ಔಷಧ ಕೊಟ್ಟದ್ದಾಯಿತು. ರಕ್ತ ತುಂಬುವವರೆಗೆ ಬೆಟ್ಟ ಬೇಡವೆಂದೆ. ಐದು ತಿಂಗಳ ಮೇಲೆ ಅದೇ ಬೆಟ್ಟ, ಅದೇ ಹಳೆಯ ಎಡಗಾಲಿನ ಮೀಟರ್, 178 ವ್ಯಾಟ್ ತೋರಿಸಿತು. ಆ ಮೀಟರ್ ಮೊದಲಿನಿಂದಲೂ ಸತ್ಯವನ್ನೇ ಹೇಳುತ್ತಿತ್ತು.

ಹಾಗಾದರೆ ಯಾವಾಗ ಬದಲಿಸಬೇಕು?

ಎಂದೂ ಬದಲಿಸಬೇಡಿ ಎನ್ನುವುದಿಲ್ಲ. ಮೊದಲು ಹಳೆಯದನ್ನು ಸರಿಯಾಗಿ ಪರೀಕ್ಷಿಸಿ. ಬ್ಯಾಟರಿ ಹೊಸದು ಹಾಕಿ. ಪೆಡಲು, ಬೋಲ್ಟುಗಳು ಬಿಗಿಯಾಗಿವೆಯೇ ನೋಡಿ. ಹೊರಡುವ ಮುನ್ನ ಕಾಲಿಡದೆ ಸೊನ್ನೆಗೆ ಹೊಂದಿಸಿಕೊಳ್ಳಿ. ಮನೆಯೊಳಗಿನಿಂದ ತಂಪಾದ ಬೆಳಗಿಗೆ ಬಂದರೆ ಲೋಹವೂ ತಣ್ಣಗಾಗುವುದರಿಂದ ಕೆಲವು ನಿಮಿಷ ಬಿಟ್ಟು ಹೊಂದಿಸುವುದು ಒಳ್ಳೆಯದು. ಇಷ್ಟು ಮಾಡಿಯೂ ಒಂದೇ ಏರಿನಲ್ಲಿ, ಒಂದೇ ಸಮಯಕ್ಕೆ, ಒಂದೇ ನಾಡಿಬಡಿತಕ್ಕೆ ಅಂಕಿ ದಿನಕ್ಕೊಂದು ಬಂದರೆ ಮೀಟರ್ ಕೆಟ್ಟಿದೆ, ಬದಲಿಸಿ. ಪಂದ್ಯಗಳಲ್ಲಿ ಭಾಗವಹಿಸುವ ಮಕ್ಕಳಿಗೆ, ಕಾಲಿನ ಮೂಳೆ ಮುರಿದು ಅಥವಾ ಶಸ್ತ್ರಚಿಕಿತ್ಸೆಯಾಗಿ ಒಂದು ಕಾಲು ಸೋತವರಿಗೆ ಎರಡೂ ಕಾಲಿನ ಅಳತೆ ಉಪಯೋಗಕ್ಕೆ ಬರುತ್ತದೆ. ಆದರೆ ಎಡಬಲಗಳ ನಡುವೆ ಅಲ್ಪಸ್ವಲ್ಪ ವ್ಯತ್ಯಾಸ ಸಹಜವೆಂಬುದು ತಿಳಿದಿರಲಿ. ಅದನ್ನು ನೋಡಿ ಇಲ್ಲದ ರೋಗ ಹುಡುಕಬೇಡಿ.

ಮೀಟರ್ ಸರಿಯಿದ್ದೂ ವ್ಯಾಟ್ ಇಳಿಯುತ್ತಿದ್ದರೆ ದೇಹವನ್ನು ಕೇಳಿ. ನಿದ್ದೆ ಕಡಿಮೆಯಾಗಿದೆಯೇ? ಈಚೆಗೆ ಜ್ವರ ಬಂದು ಹೋಗಿದೆಯೇ? ತೂಕ ತಾನಾಗಿ ಇಳಿಯುತ್ತಿದೆಯೇ? ಹೊಸ ಮಾತ್ರೆ ಶುರುವಾಗಿದೆಯೇ? ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್ ಗುಂಪಿನ ಮಾತ್ರೆಗಳು ನಾಡಿಬಡಿತವನ್ನೂ ತುಳಿಯುವ ಶಕ್ತಿಯನ್ನೂ ತಗ್ಗಿಸಬಹುದು. ಹಾಗೆಂದು ಅವನ್ನು ನೀವಾಗಿ ನಿಲ್ಲಿಸಬೇಡಿ, ಕೊಟ್ಟ ವೈದ್ಯರನ್ನು ಕೇಳಿ. ಎರಡು ಮೂರು ವಾರವಾದರೂ ಶಕ್ತಿ ಮರಳದಿದ್ದರೆ ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ತುಳಿಯುವಾಗ ಎದೆ ಬಿಗಿತ, ಎಡತೋಳಿಗೋ ದವಡೆಗೋ ಹರಿಯುವ ನೋವು, ಎಂದೂ ಇಲ್ಲದ ಏದುಸಿರು, ತಲೆಸುತ್ತು ಬಂದರೆ ಅಲ್ಲೇ ಇಳಿಯಿರಿ, ಅಂದೇ ಆಸ್ಪತ್ರೆಗೆ ಹೋಗಿ. ಆ ಹೊತ್ತಿನಲ್ಲಿ ಮೀಟರಿನ ಕಡೆ ನೋಡುತ್ತಾ ಇನ್ನೊಂದು ಕಿಲೋಮೀಟರ್ ತುಳಿಯುವುದು ಮೂರ್ಖತನ.

ನಲವತ್ತು ದಾಟಿದವರು, ಅದರಲ್ಲೂ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು, ಮನೆತನದಲ್ಲಿ ಹೃದ್ರೋಗವಿರುವವರು ಕಠಿಣ ವ್ಯಾಯಾಮ ಶುರುಮಾಡುವ ಮುನ್ನವೇ ವೈದ್ಯರಿಗೆ ತೋರಿಸಿಕೊಳ್ಳುವುದು ಲೇಸು. ಆರೋಗ್ಯಕ್ಕೆಂದು ಮಾತ್ರ ತುಳಿಯುವವರಿಗೆ ಮೀಟರ್ ಇಲ್ಲದಿದ್ದರೂ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ. ತುಳಿಯುತ್ತಾ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸಾಧಾರಣ ಶ್ರಮದ ಅಳತೆ. ಇದಕ್ಕೆ ಬ್ಯಾಟರಿಯೂ ಬೇಡ.

ಕೈಯಲ್ಲಿ ಹಣವಿದ್ದರೆ ಮೊದಲು ಒಳ್ಳೆಯ ಹೆಲ್ಮೆಟ್ಟು, ನಸುಕಿನಲ್ಲಿ ಹಿಂದಿನ ಲಾರಿಗೆ ಕಾಣುವಂಥ ಕೆಂಪು ದೀಪ, ವರ್ಷಕ್ಕೊಮ್ಮೆ ರಕ್ತಪರೀಕ್ಷೆ. ಇವೆಲ್ಲ ಆದ ಮೇಲೂ ಹಣ ಉಳಿದು, ಮನೆಯವರೂ ಒಪ್ಪಿದರೆ, ಹೊಸ ಮೀಟರ್ ಹಾಕಿಸಿಕೊಳ್ಳಿ. ನನ್ನ ಅಡ್ಡಿಯಿಲ್ಲ. ಅಂದಹಾಗೆ, ನಮ್ಮ ಯಜಮಾನರು ಇನ್ನೂ ಹಾಕಿಸಿಕೊಂಡಿಲ್ಲ.